ಮರವೇರಿ ದುಡಿಯುವವರು ಕೈಗರಗಸ ಕೊಳ್ಳುವ ಮುನ್ನ

ನೆಲದ ಮೇಲೆ ನಿಂತು ಕೊಂಬೆ ಕೊಯ್ಯುವವರಿಗೆ ಎರಡೂ ಕೈಗಳು ಬಿಡುವಾಗಿರುತ್ತವೆ. ಗರಗಸ ಸಿಕ್ಕಿಕೊಂಡರೆ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಪ್ರಯತ್ನಿಸಬಹುದು. ಹಗ್ಗ ಮತ್ತು ಹಾರ್ನೆಸ್‌ನ (ದೇಹಕ್ಕೆ ಬಿಗಿದುಕೊಳ್ಳುವ ಸುರಕ್ಷತಾ ಪಟ್ಟಿ) ಆಧಾರದಲ್ಲಿ ಮರದ ಮೇಲಿರುವವರಿಗೆ ಆ ಅನುಕೂಲವಿಲ್ಲ. ಅವರ ಒಂದು ಕೈ ಬಹುಪಾಲು ಸಮಯ ದೇಹದ ತೂಕ ಸರಿದೂಗಿಸುವುದರಲ್ಲೇ ತೊಡಗಿರುತ್ತದೆ. ಆದ್ದರಿಂದ ಗರಗಸವನ್ನು ಒಂದೇ ಕೈಯಿಂದ ಒರೆಯಿಂದ ತೆಗೆದು, ಕೊಯ್ದು, ಮತ್ತೆ ಒರೆಗೆ ಸೇರಿಸಲು ಆಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಅಲಗಿನ ಹರಿತ, ಬ್ರಾಂಡಿನ ಹೆಸರು ಇತ್ಯಾದಿಗಳ ಸರದಿ ಆಮೇಲೆ.

ಈ ದೃಷ್ಟಿಯಿಂದ ನೋಡಿದರೆ ಮಡಚುವ ಗರಗಸ ಮುಖ್ಯ ಉಪಕರಣವಾಗಲಾರದು. ಅದನ್ನು ಬಿಚ್ಚಲು ಮತ್ತು ಮಡಚಲು ಸಾಮಾನ್ಯವಾಗಿ ಎರಡು ಕೈ ಬೇಕು. ಚೀಲದಲ್ಲಿ ಹೆಚ್ಚುವರಿಯಾಗಿ ಇರಲಿ, ಆದರೆ ಮೊದಲು ಕೊಳ್ಳಬೇಕಾದದ್ದು ಹಿಡಿಗೆ ಬಿಗಿಯಾಗಿ ಕೂರಿಸಿದ ಅಲಗು ಮತ್ತು ಗಟ್ಟಿ ಒರೆ ಇರುವ ಗರಗಸವನ್ನು.

ಬಡಗಿಗಳು ಬಳಸುವ ಅನೇಕ ಗರಗಸಗಳು ಮುಂದಕ್ಕೆ ತಳ್ಳುವಾಗ ಕೊಯ್ಯುತ್ತವೆ. ಮರದ ಮೇಲಿನ ಕೆಲಸಕ್ಕೆ ಜಪಾನೀ ಮಾದರಿಯ, ತನ್ನತ್ತ ಎಳೆಯುವಾಗ ಕೊಯ್ಯುವ ಗರಗಸವೇ ತಕ್ಕದ್ದು. ಹಗ್ಗದಲ್ಲಿ ತೂಗುತ್ತಿರುವವರು ಬಲವಾಗಿ ತಳ್ಳಿದರೆ ತಾವೇ ಹಿಂದಕ್ಕೆ ಸರಿಯುತ್ತಾರೆ. ಎಳೆದರೆ ಕೆಲಸದ ಹತ್ತಿರಕ್ಕೇ ಬರುತ್ತಾರೆ. ಎಳೆತದಲ್ಲಿ ಅಲಗು ಬಿಗಿಗೊಳ್ಳುವುದರಿಂದ ಅದನ್ನು ತೆಳುವಾಗಿ ತಯಾರಿಸಬಹುದು, ಮತ್ತು ತೆಳು ಅಲಗು ಕಡಿಮೆ ಮರವನ್ನು ತಿನ್ನುವುದರಿಂದ ಶ್ರಮವೂ ಕಡಿಮೆಯಾಗುತ್ತದೆ. ಉತ್ತಮ ಗರಗಸಗಳಲ್ಲಿ ಅಲಗಿನ ಬೆನ್ನು ಹಲ್ಲಿನ ಅಂಚಿಗಿಂತ ತೆಳುವಾಗಿರುತ್ತದೆ. ಆಗ ಹಲ್ಲುಗಳನ್ನು ಅತ್ತಿತ್ತ ಬಾಗಿಸದೆಯೂ ಅಲಗು ಸಿಕ್ಕಿಕೊಳ್ಳದೆ ಓಡುತ್ತದೆ, ಕೊಯ್ದ ಮುಖವೂ ನಯವಾಗಿ ಉಳಿಯುತ್ತದೆ.

ಅಲಗು ನೇರವಾಗಿರಬೇಕೋ ಬಾಗಿರಬೇಕೋ ಎಂಬುದು ಕೆಲಸಗಾರರ ನಡುವೆ ಮುಗಿಯದ ಚರ್ಚೆ. ಬಾಗಿದ ಅಲಗಿನ ಹಲ್ಲುಗಳು ಎಳೆದಷ್ಟೂ ಮರಕ್ಕೆ ಒತ್ತಿಕೊಳ್ಳುವುದರಿಂದ, ತೋಳನ್ನು ಪೂರ್ತಿ ಚಾಚಿ ತಲೆಯ ಮೇಲೆ ಕೊಯ್ಯುವಾಗ ಅಥವಾ ಸೊಂಟದ ಕೆಳಗೆ ಬಗ್ಗಿ ಕೊಯ್ಯುವಾಗ ಅದು ನೆರವಾಗುತ್ತದೆ. ನೇರ ಅಲಗು ಇಕ್ಕಟ್ಟಾದ ಕವಲುಗಳ ನಡುವೆ ಸುಲಭವಾಗಿ ನುಸುಳುತ್ತದೆ ಮತ್ತು ಕೊಂಬೆಯ ಬುಡದ ಉಬ್ಬಿಗೆ ಗಾಯವಾಗದಂತೆ ಕೊಯ್ಯಲು ಹೆಚ್ಚು ಹಿಡಿತ ಕೊಡುತ್ತದೆ. ಒಂದನ್ನೇ ಕೊಳ್ಳುವುದಾದರೆ ಬಾಗಿದ್ದನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ, ಏಕೆಂದರೆ ಮರದ ಮೇಲೆ ಕೊಂಬೆ ಎದೆಯ ಮಟ್ಟಕ್ಕೆ ಸಿಗುವುದೇ ಅಪರೂಪ.

ಉದ್ದದ ವಿಷಯದಲ್ಲಿ 300ರಿಂದ 330 ಮಿ.ಮೀ. ಅಲಗು ಹೆಚ್ಚಿನ ಕೆಲಸಗಳಿಗೆ ಸಾಕು. ಕೊಯ್ಯುವ ಕೊಂಬೆಯ ದಪ್ಪಕ್ಕಿಂತ ಅಲಗು ಸುಮಾರು ಎರಡು ಪಟ್ಟು ಉದ್ದವಿರಬೇಕು ಎಂಬ ಲೆಕ್ಕವನ್ನು ನೆನಪಿಟ್ಟುಕೊಂಡರೆ, 330 ಮಿ.ಮೀ. ಅಲಗು 15 ಸೆಂ.ಮೀ.ವರೆಗಿನ ಕೊಂಬೆಗೆ ಒದಗುತ್ತದೆ. 400 ಮಿ.ಮೀ. ದಾಟಿದ ಅಲಗು ದಪ್ಪ ಕೊಂಬೆಯನ್ನು ಬೇಗ ಕೊಯ್ಯುತ್ತದೆ ನಿಜ. ಆದರೆ ಅದರ ಒರೆ ಮರ ಹತ್ತುವಾಗ ಮಂಡಿಗೆ ತಾಗುತ್ತದೆ, ಕವಲುಗಳಿಗೆ ಸಿಕ್ಕಿಕೊಳ್ಳುತ್ತದೆ.

ಹಲ್ಲುಗಳ ದಟ್ಟಣೆಯನ್ನು ಹಲವು ತಯಾರಕರು 30 ಮಿ.ಮೀ. ಅಂತರದಲ್ಲಿ ಎಷ್ಟು ಹಲ್ಲುಗಳಿವೆ ಎಂದು ಸೂಚಿಸುತ್ತಾರೆ. ಆರರಿಂದ ಎಂಟು ಹಲ್ಲುಗಳಿರುವ ಒರಟು ಅಲಗು ಹಸಿ ಮರದ ತೇವದ ಹೊಟ್ಟನ್ನು ಸಲೀಸಾಗಿ ಹೊರಹಾಕುತ್ತದೆ; ಹತ್ತಕ್ಕಿಂತ ಹೆಚ್ಚಿರುವುದು ಸಣ್ಣ ರೆಂಬೆಗೂ ಒಣಗಿದ ಗಟ್ಟಿ ಮರಕ್ಕೂ ಒಳ್ಳೆಯದು. ಹಲ್ಲಿನ ತುದಿಯಲ್ಲಿ ನೀಲಿಗಪ್ಪು ಛಾಯೆ ಕಂಡರೆ ಅದನ್ನು ಶಾಖದಿಂದ ಗಡಸುಗೊಳಿಸಲಾಗಿದೆ ಎಂದರ್ಥ. ಅಂತಹ ಹಲ್ಲು ಬಹುಕಾಲ ಹರಿತವಾಗಿ ಉಳಿಯುತ್ತದೆ, ಆದರೆ ಸಾಮಾನ್ಯ ಅರಕ್ಕೆ ಬಗ್ಗುವುದಿಲ್ಲ; ಮೊಂಡಾದ ದಿನ ಅಲಗನ್ನೇ ಬದಲಿಸಬೇಕು. ಆದ್ದರಿಂದ ಬದಲಿ ಅಲಗು ಬಿಡಿಯಾಗಿ ಸಿಗುತ್ತದೆಯೇ ಎಂದು ವಿಚಾರಿಸದೆ ಹಣ ಕೊಡಬಾರದು.

ಇನ್ನು ಒರೆ. ಕೊಳ್ಳುವವರು ಹೆಚ್ಚಾಗಿ ಕಡೆಗಣಿಸುವುದು ಇದನ್ನೇ. ಒರೆಯ ಬಾಯಿ ಅಗಲವಾಗಿದ್ದು, ಕಣ್ಣು ಹಾಯಿಸದೆಯೇ ಅಲಗಿನ ತುದಿ ಒಳಸೇರುವಂತಿರಬೇಕು. ಸೇರಿದ ಮೇಲೆ ತಲೆಕೆಳಗಾಗಿಸಿ ಅಲುಗಾಡಿಸಿದರೂ ಗರಗಸ ಜಾರಬಾರದು. ಈ ಎರಡೂ ಗುಣಗಳು ಒಟ್ಟಿಗೆ ಸಿಗುವುದು ಕಷ್ಟ. ಸಿಲ್ಕಿ ಬ್ರಾಂಡಿನ ಜುಬಾಟ್‌ನಂತಹ ಮಾದರಿಗಳಲ್ಲಿ ಒರೆಯ ಬಾಯಲ್ಲಿರುವ ಉರುಳೆಗಳು ಅಲಗನ್ನು ಹಿಡಿದಿಡುತ್ತವೆ. ತೊಡೆಗೋ ಮೀನಖಂಡಕ್ಕೋ ಕಟ್ಟುವ ಪಟ್ಟಿಗಳು ಒರೆಯ ಜೊತೆಯಲ್ಲೇ ಬರುತ್ತವೆಯೇ, ಎಡಗೈ ಬಳಸುವವರಿಗೆ ಅದನ್ನು ಇನ್ನೊಂದು ಕಾಲಿಗೆ ಹೊಂದಿಸಬಹುದೇ, ಒಳಸೇರಿದ ಹೊಟ್ಟು ಮತ್ತು ನೀರು ಹೊರಹೋಗಲು ತಳದಲ್ಲಿ ತೂತಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ಸಾಧ್ಯವಾದರೆ ಅಂಗಡಿಯಲ್ಲಿ ಕೆಲಸದ ಕೈಗವಸು ತೊಟ್ಟೇ ಹಿಡಿಯನ್ನು ಹಿಡಿದು ನೋಡಿ. ಬೆವರಿನಲ್ಲಿ ಜಾರದಂತೆ ರಬ್ಬರ್ ಹೊದಿಕೆಯೂ ಕೊನೆಯಲ್ಲಿ ಕೈ ತಡೆಯುವಂತಹ ಕೊಕ್ಕೆಯೂ ಇದ್ದರೆ ಒಳ್ಳೆಯದು. ಎಲೆಗಳ ನಡುವೆ ಬಿದ್ದರೂ ಕಣ್ಣಿಗೆ ಬೀಳುವ ಕೆಂಪು ಅಥವಾ ಹಳದಿ ಹಿಡಿಯನ್ನು ಶೋಕಿ ಎಂದು ತಳ್ಳಿಹಾಕಬೇಡಿ.

ತಂದ ಕೂಡಲೇ ಅದನ್ನು ಮರಕ್ಕೆ ಒಯ್ಯಬಾರದು. ಹಾರ್ನೆಸ್ ತೊಟ್ಟು, ಒರೆ ಕಟ್ಟಿಕೊಂಡು, ಕೈ ತಾನಾಗಿ ದಾರಿ ಕಂಡುಕೊಳ್ಳುವವರೆಗೆ ನೆಲದ ಮೇಲೆಯೇ ತೆಗೆದು ಸೇರಿಸುವುದನ್ನು ಅಭ್ಯಾಸ ಮಾಡಬೇಕು. ಎಳೆದ ಅಲಗನ್ನು ಮತ್ತೆ ಮುಂದಕ್ಕೆ ತಳ್ಳುವಾಗ ಒತ್ತಡ ಹಾಕಿದರೆ ಅದು ತೆಳುವಾದ್ದರಿಂದ ಬಾಗುತ್ತದೆ; ಆಗ ಒತ್ತಡ ಹಾಕದಿರುವುದನ್ನೂ ಅಲ್ಲೇ ರೂಢಿಸಿಕೊಳ್ಳಬೇಕು. ತೂಕ ಹೊತ್ತು ಬಿಗಿದ ಹಗ್ಗಕ್ಕೆ ಇಂತಹ ಅಲಗು ಹಗುರವಾಗಿ ತಾಗಿದರೂ ಹಗ್ಗ ಕಡಿದುಹೋಗಬಹುದು. ಹಾಗಾಗಿ ಮರದ ಮೇಲೆ ಕೊಯ್ಯಲು ತೊಡಗುವ ಮುನ್ನ ತಮ್ಮನ್ನು ಮರಕ್ಕೆ ಬಿಗಿಯುವ ಎರಡನೆಯ ಕಟ್ಟನ್ನು ಹಾಕಿಕೊಂಡಿರಬೇಕು, ಮತ್ತು ಕೊಯ್ತ ಮುಗಿದ ಗರಗಸವನ್ನು ಕೊಂಬೆಗೆ ಸಿಕ್ಕಿಸಿ ಬಿಡದೆ ಕೂಡಲೇ ಒರೆಗೆ ಸೇರಿಸಬೇಕು.