ರೋಬಸ್ಟಾ ರೆಂಬೆ ಒಣಗುವುದು ನಿಂತದ್ದು ಹೀಗೆ

ಕಾರ್ಕಳದ ಕಡೆ ನಮ್ಮ ಅಡಿಕೆ ತೋಟದ ನಡುವೆ ರೋಬಸ್ಟಾ ಕಾಫಿ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ಎಳೆ ರೆಂಬೆಗಳ ಎಲೆ ಜೋತುಬಿದ್ದು ಒಣಗುತ್ತಿದ್ದವು. ಪಕ್ಕದ ರೆಂಬೆ ಹಸಿರಾಗಿಯೇ ಇರುತ್ತಿತ್ತು.

ಗೊಬ್ಬರ ಜಾಸ್ತಿ ಕೊಟ್ಟರೂ, ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆದರೂ ನಿಲ್ಲಲಿಲ್ಲ. ಎಲೆಗೆ ಕೀಟನಾಶಕ ಹೊಡೆದದ್ದೂ ದಂಡ. ಇದಕ್ಕೆ ಕಾರಣವಾದ ಹುಳ ಇರುವುದು ರೆಂಬೆಯ ಒಳಗೆ ಅಲ್ವಾ?

ರೆಂಬೆ ಮಗುಚಿ ಅಡಿಭಾಗ ನೋಡಿ. ಗುಂಡುಸೂಜಿ ಚುಚ್ಚಿದಷ್ಟು ತೂತು ಇರುತ್ತದೆ. ಸೀಳಿದರೆ ಕಪ್ಪು ಸುರಂಗ, ಒಳಗೆ ಅಕ್ಕಿನುಚ್ಚಿನ ಹಾಗೆ ಬಿಳಿ ಮರಿಹುಳ. ಇದು ಶಾಟ್ ಹೋಲ್ ಬೋರರ್, ರೆಂಬೆ ಕೊರೆಯುವ ಸಣ್ಣ ದುಂಬಿ. ಹೆಣ್ಣು ದುಂಬಿ ಒಳಗೆ ಬೂಷ್ಟು ಬೆಳೆಸುತ್ತದೆ, ಮರಿಗಳಿಗೆ ಅದೇ ಊಟ.

ಕೊನೆಗೆ ಕೆಲಸ ಮಾಡಿದ್ದು ಕತ್ತರಿ. ಸೆಪ್ಟೆಂಬರಿನಿಂದಲೇ ಸಾಲು ಹಿಡಿದು ನೋಡಿ. ಒಣಗಿದ ತುದಿ ಮಾತ್ರ ಮುರಿದರೆ ಸಾಲದು. ತೂತು ದಾಟಿ ಗಿಡದ ಕಡೆಗೆ 2–3 ಇಂಚು ಒಳಗೆ ಕತ್ತರಿಸಬೇಕು. ಕತ್ತರಿಸಿದ ಜಾಗದ ನಡುವೆ ಕಪ್ಪು ಕಂಡರೆ ಇನ್ನೂ ಸ್ವಲ್ಪ ತೆಗೆಯಿರಿ. ತುಂಡುಗಳನ್ನು ನೆಲಕ್ಕೆ ಬೀಳಿಸದೆ ಚೀಲಕ್ಕೆ ಹಾಕಿ, ಆವತ್ತೇ ಸುಡಿ. ಬುಡದಲ್ಲಿ ಸುಮ್ನೆ ಬಿಟ್ಟರೆ ದುಂಬಿ ಹೊರಬಂದು ಮತ್ತೆ ಕೊರೆಯುತ್ತದೆ.

ಬೇಸಿಗೆಯಲ್ಲಿ ಹುಳ ಹಿಡಿದ, ಬೇಡದ ಕಂಬಚಿಗುರುಗಳನ್ನು (ಕಾಂಡದಿಂದ ನೆಟ್ಟಗೆ ಏಳುವ ಚಿಗುರು) ತೆಗೆಯಿರಿ. ದಟ್ಟ ನೆರಳು ಬಿಡಿಸಿ, ನೀರು ಬಸಿಯುವ ಕಣಿಗಳನ್ನು ಮಳೆಗೆ ಮುಂಚೆಯೇ ಬಿಡಿಸಿಟ್ಟುಕೊಳ್ಳಿ.