ಹೆಲ್ತ್ ಇನ್ಶೂರೆನ್ಸ್ ದುಬಾರಿ ಆಯ್ತಾ? ಅಮೆರಿಕದ ಕಾಂಗ್ರೆಸ್‌ಗೆ ಫೋನ್ ಮಾಡಿ, ಹೀಗೆ

ಅಮೆರಿಕದಲ್ಲಿ ಇರುವ ನಮ್ಮವರೆಲ್ಲ ದೊಡ್ಡ ಕಂಪನಿಯಲ್ಲೇ ಇಲ್ಲ. ಅಂಗಡಿ ಇಟ್ಟವರಿದ್ದಾರೆ, ಟ್ಯಾಕ್ಸಿ ಓಡಿಸುವವರಿದ್ದಾರೆ, 65 ತುಂಬಿ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಸಿಗುವ ಮೊದಲೇ ಕೆಲಸ ಹೋದವರಿದ್ದಾರೆ. ಇವರಲ್ಲಿ ಎಷ್ಟೋ ಜನ ಸರ್ಕಾರ ನಡೆಸುವ ವಿಮಾ ಮಾರುಕಟ್ಟೆಯಾದ ಮಾರ್ಕೆಟ್‌ಪ್ಲೇಸ್‌ನಲ್ಲಿ ತಾವೇ ಪ್ಲಾನ್ ಕೊಂಡು ಪ್ರೀಮಿಯಂ ಕಟ್ಟುತ್ತಾರೆ. 2026ಕ್ಕೆ ಆ ಪ್ರೀಮಿಯಂ ಏರಿದ್ದನ್ನು ನೋಡಿ ಸುಮ್ನೆ ಇರಬೇಡಿ. ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತು, ಅದರ ಸದಸ್ಯರಿಗೆ ಹೇಳಬೇಕು, ಹೇಳುವುದು ಕಷ್ಟವೂ ಅಲ್ಲ.

ಮೊದಲು ಏನಾಯಿತು ಅಂತ ತಿಳಿದಿರಲಿ, ಇಲ್ಲದಿದ್ದರೆ ಫೋನಿನಲ್ಲಿ ಮಾತು ತಡವರಿಸುತ್ತದೆ. ಪ್ರೀಮಿಯಂಗೆ ಸರ್ಕಾರ ಕೊಡುವ ತೆರಿಗೆ ರಿಯಾಯಿತಿಯನ್ನು ಕಾಂಗ್ರೆಸ್ 2021ರಲ್ಲಿ ಹೆಚ್ಚಿಸಿತು, 2022ರಲ್ಲಿ ಅದನ್ನೇ 2025ರ ಕೊನೆಯವರೆಗೆ ಮುಂದುವರಿಸಿತು. ಆ ವರ್ಷಗಳಲ್ಲಿ ನಿಮ್ಮ ಊರಿನ ಎರಡನೇ ಅತಿ ಅಗ್ಗದ ಸಿಲ್ವರ್ (ಮಧ್ಯಮ ದರ್ಜೆಯ) ಪ್ಲಾನಿಗೆ ಆದಾಯದ 8.5 ಶೇಕಡಕ್ಕಿಂತ ಜಾಸ್ತಿ ಕಟ್ಟಬೇಕಾಗಿರಲಿಲ್ಲ. ಅವಧಿ ಮುಗಿದ ಮೇಲೆ ಹಳೆಯ ಮಿತಿ ವಾಪಸ್ ಬಂತು. ಅಂದರೆ ವರ್ಷದ ಆದಾಯ ಬಡತನ ರೇಖೆಯ ನಾಲ್ಕು ಪಟ್ಟು ದಾಟಿದರೆ ರಿಯಾಯಿತಿ ಪೂರ್ತಿ ಇಲ್ಲ. ಹೆಚ್ಚಿನ ರಾಜ್ಯಗಳಲ್ಲಿ 2026ರ ಪ್ಲಾನ್‌ಗಳಿಗೆ ಈ ಮಿತಿ ಒಬ್ಬರಿಗೆ 62,600 ಡಾಲರ್, ನಾಲ್ಕು ಜನರ ಮನೆಗೆ 1,28,600 ಡಾಲರ್. ವರ್ಷದ ಕೊನೆಯಲ್ಲಿ ಸ್ವಲ್ಪ ಓವರ್‌ಟೈಮ್ ಮಾಡಿ ಈ ಗೆರೆ ದಾಟಿದರೂ, ಅಲ್ಲಿಯವರೆಗೆ ಮುಂಗಡವಾಗಿ ಪಡೆದ ರಿಯಾಯಿತಿಯನ್ನೆಲ್ಲ ತೆರಿಗೆ ಲೆಕ್ಕ ಕೊಡುವಾಗ ವಾಪಸ್ ಕಟ್ಟಬೇಕು. ದುಡಿದಿದ್ದಕ್ಕೇ ದಂಡ ಹಾಕಿದ ಹಾಗಲ್ವಾ ಇದು?

ನಿಮಗೆ ಕೆಳಮನೆಯಾದ ಹೌಸ್‌ನಲ್ಲಿ ಒಬ್ಬ ಸದಸ್ಯರು, ಮೇಲ್ಮನೆಯಾದ ಸೆನೆಟ್‌ನಲ್ಲಿ ಇಬ್ಬರು ಸೆನೆಟರ್‌ಗಳು ಇರುತ್ತಾರೆ. ಹೌಸ್ ವೆಬ್‌ಸೈಟ್‌ನಲ್ಲಿ ಜಿಪ್ ಕೋಡ್ ಹಾಕಿದರೆ ನಿಮ್ಮವರು ಯಾರು ಅಂತ ಗೊತ್ತಾಗುತ್ತದೆ. ಕಾಂಗ್ರೆಸ್ ಭವನವಾದ ಕ್ಯಾಪಿಟಲ್‌ನ ಸ್ವಿಚ್‌ಬೋರ್ಡ್ ನಂಬರ್ 202-224-3121. ಯಾರ ಆಫೀಸ್ ಬೇಕು ಅಂತ ಹೇಳಿದರೆ ಅಲ್ಲಿಗೆ ಕೊಡುತ್ತಾರೆ. ವೋಟು ಇಲ್ಲ, ಗ್ರೀನ್ ಕಾರ್ಡ್ ಮಾತ್ರ ಇದೆ ಅಂತ ಹಿಂಜರಿಯಬೇಡಿ, ಆ ಕ್ಷೇತ್ರದಲ್ಲಿ ವಾಸ ಇದ್ದರೆ ನೀವೂ ಅವರ ಜನವೇ.

ಫೋನ್ ಎತ್ತುವವರು ಸಾಮಾನ್ಯವಾಗಿ ಚಿಕ್ಕ ವಯಸ್ಸಿನ ಸಿಬ್ಬಂದಿ. ಯಾವ ವಿಷಯ, ಪರವೋ ವಿರೋಧವೋ, ಯಾವ ಊರು ಅಂತ ಬರೆದುಕೊಳ್ಳುತ್ತಾರೆ, ಅವರ ಜೊತೆ ವಾದಕ್ಕೆ ಇಳಿದು ಪ್ರಯೋಜನ ಇಲ್ಲ. ಹೆಸರು, ಜಿಪ್ ಕೋಡ್ ಹೇಳಿ ನೇರ ವಿಷಯಕ್ಕೆ ಬನ್ನಿ: "ನಾನು ಅಂಗಡಿ ನಡೆಸುತ್ತೇನೆ. ಹೋದ ವರ್ಷ ತಿಂಗಳಿಗೆ ಇಷ್ಟು ಕಟ್ಟುತ್ತಿದ್ದೆ, ಈಗ ಇಷ್ಟು. 2025ರವರೆಗೆ ಇದ್ದ ರಿಯಾಯಿತಿಯನ್ನು ವಾಪಸ್ ತರುವ ಮಸೂದೆಗೆ ನಮ್ಮ ಸದಸ್ಯರು ವೋಟು ಹಾಕುತ್ತಾರಾ?" ಇಷ್ಟನ್ನು ನಿಮ್ಮ ಇಂಗ್ಲಿಷ್‌ನಲ್ಲಿ, ಹೇಗೆ ಬರುತ್ತದೋ ಹಾಗೆ ಹೇಳಿ. ಪ್ರೀಮಿಯಂ ಪತ್ರ ಕೈಯಲ್ಲೇ ಇಟ್ಟುಕೊಂಡು ಕೂತಿರಿ, ಆ ಎರಡು ಅಂಕಿಗಳಿಗೆ ಇರುವ ತೂಕ ಯಾರದೋ ಭಾಷಣದ ಸಾಲುಗಳಿಗಿಲ್ಲ. ಕೊನೆಯ ಪ್ರಶ್ನೆಯನ್ನಂತೂ ಬಿಡಲೇಬೇಡಿ. "ತಿಳಿಸುತ್ತೇವೆ" ಅಂದರೆ ಇಮೇಲ್‌ನಲ್ಲಿ ಉತ್ತರ ಕೊಡಿ ಅಂತ ಕೇಳಿ.

ವಾಷಿಂಗ್ಟನ್‌ಗೆ ಅಂಚೆಯಲ್ಲಿ ಕಳಿಸಿದ ಪತ್ರ ಮಾತ್ರ ನಿಧಾನ. 2001ರಲ್ಲಿ ಟಪಾಲಿನಲ್ಲಿ ಆಂಥ್ರಾಕ್ಸ್ ಎಂಬ ಮಾರಕ ರೋಗಾಣು ಕಳಿಸಿದ ಪ್ರಕರಣದ ನಂತರ ಅಲ್ಲಿಗೆ ಹೋಗುವ ಟಪಾಲನ್ನೆಲ್ಲ ತಪಾಸಣೆ ಮಾಡಿಯೇ ಒಳಗೆ ಬಿಡುತ್ತಾರೆ. ಬರೆಯಲೇಬೇಕು ಅನಿಸಿದರೆ ನಿಮ್ಮ ಸದಸ್ಯರು ನಿಮ್ಮ ಹತ್ತಿರ ಇಟ್ಟಿರುವ ಕ್ಷೇತ್ರದ ಕಚೇರಿಗೆ ಬರೆಯಿರಿ. ಅದಕ್ಕಿಂತ ಒಳ್ಳೆಯದು, ನಾಲ್ಕೈದು ಮನೆಯವರು ಸೇರಿ ಸಮಯ ಕೇಳಿಕೊಂಡು ಅಲ್ಲಿಗೇ ಹೋಗಿ ಕೂರುವುದು. ಹೋಗುವಾಗ ಎಲ್ಲರೂ ತಮ್ಮ ಪ್ರೀಮಿಯಂ ಪತ್ರದ ಪ್ರತಿ ತನ್ನಿ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಪಾಲಿಸಿ ನಂಬರ್, ಹುಟ್ಟಿದ ದಿನ ಮಾತ್ರ ಮೊದಲೇ ಅಳಿಸಿರಿ.

ರಾಜ್ಯದ ಶಾಸಕರನ್ನೂ ಮರೆಯಬೇಡಿ. ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊ ತರಹದ ರಾಜ್ಯಗಳು ಪ್ರೀಮಿಯಂಗೆ ತಮ್ಮ ಖಜಾನೆಯಿಂದಲೂ ನೆರವು ಕೊಡುತ್ತವೆ, ನಮ್ಮಲ್ಲಿ ಯಾಕಿಲ್ಲ ಅಂತ ಕೇಳಬಹುದು. ವಿಮಾ ಕಂಪನಿಗಳು ಮುಂದಿನ ವರ್ಷದ ದರವನ್ನು ಮೊದಲೇ ಪರಿಶೀಲನೆಗೆ ಸಲ್ಲಿಸಬೇಕು, ಆ ಹೊತ್ತಿನಲ್ಲಿ ಜನರ ಅಭಿಪ್ರಾಯಕ್ಕೂ ಅವಕಾಶ ಇರುತ್ತದೆ. ನಿಮ್ಮ ರಾಜ್ಯದ ವಿಮಾ ಇಲಾಖೆಯ ವೆಬ್‌ಸೈಟ್‌ನಲ್ಲಿ ಕೊನೆಯ ದಿನಾಂಕ ನೋಡಿ, ಫೋನಿನಲ್ಲಿ ಹೇಳಿದ ಅದೇ ಎರಡು ಅಂಕಿಗಳನ್ನು ಅಲ್ಲೂ ಬರೆಯಿರಿ.