ಒಂದರ ಬದಲು ಎರಡು ಗ್ರೀಸ್ ನಿಪ್ಪಲ್: ಬುಲೆಟ್ಟಿನ ಸ್ವಿಂಗ್ ಆರ್ಮ್ ಬುಷ್‌ಗಳೊಂದಿಗೆ ನನ್ನ ಹೆಣಗಾಟ

ನನ್ನ 1974ರ ಬುಲೆಟ್ 350ರ ಹಿಂಭಾಗದ ಓಲಾಟ ಕೊನೆಗೂ ನಿಂತಿದೆ. ಸುಮಾರು 9,000 ಕಿಲೋಮೀಟರ್ ಓಡಿಸಿ, ಕಳೆದ ತಿಂಗಳು ಸ್ವಿಂಗ್ ಆರ್ಮನ್ನು (ಹಿಂದಿನ ಚಕ್ರವನ್ನು ಹಿಡಿದು ಮೇಲೆಕೆಳಗೆ ಆಡುವ ಕವಲು) ಮತ್ತೊಮ್ಮೆ ಕಳಚಿ ಅಳತೆ ನೋಡಿದ ಬಳಿಕವೇ ಇದನ್ನು ಬರೆಯಲು ಕುಳಿತಿದ್ದೇನೆ. ಕೆಲಸಕ್ಕೆ ಕೈ ಹಾಕಿದ ದಿನ, ಕಲಾಸಿಪಾಳ್ಯದಲ್ಲಿ ಮೂವತ್ತು ವರ್ಷ ಬುಲೆಟ್ ಬಿಚ್ಚಿದ ನಮ್ಮ ಮೇಸ್ತ್ರಿ "ರಬ್ಬರ್ ಬುಷ್ ಹೊಡೆದು ಮರೆತುಬಿಡಿ ಸಾರ್, ಗನ್‌ಮೆಟಲ್ (ಕಂಚಿನ ಬುಷ್) ಕಾಲ ಮುಗಿಯಿತು" ಎಂದಿದ್ದರು. ರಬ್ಬರಿಗೆ ಗ್ರೀಸ್ ಬೇಕಿಲ್ಲ ಎಂಬುದು ನಿಜವೇ. ಆದರೆ ಮೂಲದಲ್ಲಿ ಪಾಸ್ಫರ್ ಬ್ರಾಂಜ್ ಎಂಬ ಕಂಚಿನ ಬುಷ್‌ಗಳ (ತಿರುಗುವ ಜಾಗದ ಉಂಗುರಗಳ) ಮೇಲೆ ತಿರುಗಬೇಕೆಂದು ಮಾಡಿದ ಆರ್ಮನ್ನು, ಅದಕ್ಕೆ ಸರಿಯಾಗಿ ಗ್ರೀಸ್ ಉಣಿಸಲು ಬಾರದೆಂಬ ಒಂದೇ ಕಾರಣಕ್ಕೆ ಬದಲಿಸಲು ನನಗೆ ಮನಸ್ಸಾಗಲಿಲ್ಲ.

ಕನಕಪುರ ರಸ್ತೆಯ ತಿರುವುಗಳಲ್ಲಿ ಅರವತ್ತರ ವೇಗ ದಾಟಿದೊಡನೆ ಹಿಂದಿನ ಚಕ್ರ ತನ್ನದೇ ದಾರಿ ಹಿಡಿದಂತೆ ಅನ್ನಿಸುತ್ತಿತ್ತು. ಮೊದಲು ಟೈರಿನ ಮೇಲೆ ಅನುಮಾನಪಟ್ಟು ಎರಡೂವರೆ ಸಾವಿರ, ಆಮೇಲೆ ಶಾಕ್ ಅಬ್ಸಾರ್ಬರ್‌ಗಳ ಮೇಲೆ ಅನುಮಾನಪಟ್ಟು ಮೂರು ಸಾವಿರದಷ್ಟು ಕಳೆದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರ ತೆಗೆದು, ಆರ್ಮಿನ ತುದಿಯನ್ನು ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡುವ ಐದು ನಿಮಿಷದ ಕೆಲಸವನ್ನು ಮೊದಲೇ ಮಾಡಿದ್ದರೆ ಆ ಹಣ ಉಳಿಯುತ್ತಿತ್ತು. ತುದಿಯಲ್ಲಿ ಹತ್ತಿರಹತ್ತಿರ 5 ಮಿಲಿಮೀಟರ್ ಆಟವಿತ್ತು.

ಆರ್ಮನ್ನು ಫ್ರೇಮಿಗೆ ಹಿಡಿದಿಡುವ ಉದ್ದನೆಯ ಪಿವಟ್ ಬೋಲ್ಟ್, ಬುಷ್‌ಗಳ ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರಿನ ಎಣ್ಣೆಯನ್ನು ಸಮನಾಗಿ ಬೆರೆಸಿ ಎರಡು ವಾರ ದಿನವೂ ಹನಿಸಿದೆ. ಈ ಎರಡೂ ನಿಜವಾಗಿ ಬೆರೆಯುವುದಿಲ್ಲ, ಸೀಸೆಯಲ್ಲಿ ಬೇರೆಬೇರೆಯಾಗಿ ನಿಲ್ಲುತ್ತವೆ, ಪ್ರತಿ ಸಲವೂ ಕುಲುಕಿಯೇ ಹಾಕಬೇಕು. ಆದರೂ ಬೋಲ್ಟ್ ಕದಲಲಿಲ್ಲ. ತಾಳ್ಮೆಗೆಟ್ಟು ನೇರವಾಗಿ ಸುತ್ತಿಗೆಯಿಂದ ಹೊಡೆದದ್ದರಿಂದ ಥ್ರೆಡ್ಡಿನ ತುದಿ ಅಣಬೆಯಂತೆ ಅರಳಿತು. ಕೊನೆಗೆ ಬೋಲ್ಟ್ ಹಾಯುವ ಫ್ರೇಮಿನ ಕಿವಿಗೂ ಆರ್ಮಿನ ಬದಿಗೆ ಕೂರುವ ಥ್ರಸ್ಟ್ ವಾಷರಿಗೂ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ, ಎರಡೂ ಕಡೆ ಕೊಯ್ದು ಆರ್ಮನ್ನು ಹೊರಗೆಳೆದೆ. ಆರು ಬ್ಲೇಡ್‌ಗಳು ಹೋದವು. ಎಡಗಡೆಯ ಕಿವಿಯ ಮೇಲೆ ಬಿದ್ದ ಗೀರು ಈಗಲೂ ಕಾಣುತ್ತದೆ, ಅದನ್ನು ನಾನು ಮುಚ್ಚಿಲ್ಲ.

ಒಳಗೆ ಕಂಡದ್ದೇ ನನಗೆ ದಾರಿ ತೋರಿಸಿತು. ಬಲಗಡೆಯ ಬುಷ್ ಗ್ರೀಸಿನಲ್ಲಿ ಮುಳುಗಿತ್ತು, ಎಡಗಡೆಯದು ಮಾತ್ರ ಒಣಗಿ, ಅದರ ಸುತ್ತ ಕಾಫಿಪುಡಿಯಂತಹ ತುಕ್ಕು ಉದುರುತ್ತಿತ್ತು. ನನ್ನ ಗಾಡಿಯ ಆರ್ಮಿನಲ್ಲಿ ನಡುಮಧ್ಯೆ, ಗ್ರೀಸ್ ಗನ್ ಹಿಡಿಯುವ ನಿಪ್ಪಲ್ ಒಂದೇ ಇತ್ತು. ಗನ್ನಿನಿಂದ ಒತ್ತಿದ ಗ್ರೀಸು ಮೊದಲು ನಡುವಿನ ಖಾಲಿ ಜಾಗವನ್ನು ತುಂಬಿ, ಆಮೇಲೆ ಯಾವ ಬುಷ್ ಹೆಚ್ಚು ಸವೆದು ಸಡಿಲವಾಗಿದೆಯೋ ಅದರ ಮೂಲಕವೇ ಹೊರಗೆ ಬರುತ್ತದೆ. ಬಲಗಡೆಯಿಂದ ಗ್ರೀಸು ಇಣುಕಿದೊಡನೆ ಸರ್ವಿಸ್ ಆಯಿತೆಂದು ನಾನು ವರ್ಷಗಟ್ಟಲೆ ಗನ್ನನ್ನು ಕೆಳಗಿಡುತ್ತಿದ್ದೆ.

ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ತಂದ ರೆಡಿಮೇಡ್ ಬುಷ್‌ಗಳ ಜೋಡಿಗೆ ಸುಮಾರು ₹400 ಕೊಟ್ಟ ನೆನಪು. ಅವು ಹಿತ್ತಾಳೆಯಷ್ಟು ಮೆದುವಾಗಿದ್ದು, ಎರಡು ಸಾವಿರ ಕಿಲೋಮೀಟರಿನೊಳಗೆ ಅಂಡಾಕಾರಕ್ಕೆ ತಿರುಗಿದವು. ಮುಂದಿನ ಸಲ ಎಸ್.ಪಿ. ರಸ್ತೆಯಲ್ಲಿ ಪಾಸ್ಫರ್ ಬ್ರಾಂಜ್ ಸರಳನ್ನು ತೂಕಕ್ಕೆ ಕೊಂಡು, ಪೀಣ್ಯದ ಲೇತಿನಲ್ಲಿ ಬುಷ್ ಮಾಡಿಸಿದೆ. ಸರಳು, ಕೂಲಿ ಎಲ್ಲ ಸೇರಿ ಎರಡೂವರೆ ಸಾವಿರದ ಹತ್ತಿರ ಆಯಿತು. ಪ್ರೆಸ್ ಮಾಡಿದ ಮೇಲೆ ಬುಷ್‌ನ ಒಳಸುತ್ತು ಸ್ವಲ್ಪ ಕುಗ್ಗುವುದು ಗೊತ್ತಿದ್ದ ವಿಷಯವೇ ಆದ್ದರಿಂದ, ರಂಧ್ರವನ್ನು ಸ್ವಲ್ಪಸ್ವಲ್ಪವೇ ಹಿಗ್ಗಿಸುವ ಅಡ್ಜಸ್ಟಬಲ್ ರೀಮರನ್ನು ಎಡಬಲ ಎರಡೂ ಬದಿಗಳಿಂದ ಹಾಕಿ ಬಿಡಿಸಿಕೊಂಡೆ. ಅಲ್ಲಿಯೇ ಎಡವಿದ್ದು. ಒಂದೊಂದು ಬುಷ್ ತನ್ನಷ್ಟಕ್ಕೆ ಅಳತೆಯಲ್ಲಿತ್ತು, ಆದರೆ ಎರಡೂ ಒಂದೇ ನೇರದಲ್ಲಿ ಇರಲಿಲ್ಲ. ಬೋಲ್ಟ್ ಬಿಗಿದ ಮೇಲೆ ಆರ್ಮನ್ನು ಎತ್ತಿ ಬಿಟ್ಟರೆ ತನ್ನ ಭಾರಕ್ಕೆ ತಾನು ಇಳಿಯಬೇಕಾದದ್ದು, ಅರ್ಧದಲ್ಲಿ ಗಾಳಿಯಲ್ಲೇ ನಿಂತುಬಿಟ್ಟಿತು. ಮೇಸ್ತ್ರಿ ಅದನ್ನು ನೋಡಿ ಏನೂ ಹೇಳದೆ ಚಹಾ ಕುಡಿದರು.

ನಡುವೆ, ಬುಷ್ ಬದಲು ಸೂಜಿಯಂಥ ಉರುಳೆಗಳಿರುವ ನೀಡಲ್ ರೋಲರ್ ಬೇರಿಂಗ್ ಹಾಕುವ ಯೋಚನೆಯೂ ಬಂದು, ಗುಜರಿಯಲ್ಲಿ ಸಿಕ್ಕ ಬೇರೊಂದು ಆರ್ಮಿನ ಮೇಲೆ ಪ್ರಯೋಗ ಮಾಡಿದೆ. ಸ್ವಿಂಗ್ ಆರ್ಮ್ ಪೂರ್ತಿ ಸುತ್ತು ತಿರುಗುವುದಿಲ್ಲ, ಕೆಲವೇ ಡಿಗ್ರಿ ಅತ್ತಿತ್ತ ಹೊರಳುತ್ತದೆ. ಹಾಗಾಗಿ ರೋಲರ್‌ಗಳು ಒಂದೇ ಜಾಗದಲ್ಲಿ ಉಜ್ಜಿ, ಮೆತ್ತಗಿನ ಕೊಳವೆಯ ಮೇಲೆ ಗೆರೆಗೆರೆಯಾಗಿ ಗುರುತು ಕೊರೆದವು. ಕೊಳವೆಯನ್ನು ಗಟ್ಟಿ ಮಾಡಿಸದೆ ಅದು ಆಗುವ ಕೆಲಸವಲ್ಲವೆಂದು ಕೈಬಿಟ್ಟೆ.

ಮೂರನೆಯ ಜೋಡಿಗೆ ರೀತಿ ಬದಲಿಸಿದೆ. ರೀಮರಿನ ಹಿಂದೆ ಒಂದು ಉದ್ದನೆಯ ಮಾರ್ಗದರ್ಶಿ ಸರಳನ್ನು ಜೋಡಿಸಿ, ಎದುರಿನ ಬುಷ್‌ನಲ್ಲಿ ತಾತ್ಕಾಲಿಕ ಗೈಡ್ ಕೂರಿಸಿ, ಒಂದು ಬುಷ್ ಅನ್ನು ಇನ್ನೊಂದರ ಆಸರೆಯಲ್ಲಿ ಬಿಡಿಸಿದೆ. ಕೊಳವೆಗೂ ಬುಷ್‌ಗೂ ನಡುವೆ 0.05 ರಿಂದ 0.07 ಮಿಲಿಮೀಟರ್ ಅಂತರ ಬಿಟ್ಟೆ. ನಂತರ ನಡುವಿನ ನಿಪ್ಪಲ್ಲನ್ನು ಮುಚ್ಚಿ, ಪ್ರತಿ ಬುಷ್‌ನ ನೇರಕ್ಕೆ 5 ಮಿಲಿಮೀಟರ್ ರಂಧ್ರ ಕೊರೆದು, 6 ಮಿಲಿಮೀಟರ್ ಟ್ಯಾಪ್‌ನಿಂದ ಥ್ರೆಡ್ ಹಾಕಿ ಒಂದೊಂದು ನಿಪ್ಪಲ್ ಕೂರಿಸಿದೆ. ಆರ್ಮ್ ದುರ್ಬಲವಾಗುತ್ತದೆ ಎಂದು ಹೆದರಿಸಿದವರಿದ್ದರು. ಭಾರ ಬೀಳುವ ಬದಿಯನ್ನು ಬಿಟ್ಟು ಕೊರೆದರೆ ಆ ಭಯವಿಲ್ಲ. ಆ ರಂಧ್ರವನ್ನು ಯಾವ ಕೋನದಲ್ಲಿ ಹಾಕಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಎರಡು ಆರ್ಮ್ ಹಾಳು ಮಾಡಿದ್ದೇನೆ. ಬುಷ್‌ನ ಒಳಗೆ ಸುರುಳಿಯಾಕಾರದ ಕಾಲುವೆ ಕೊರೆಸಿ, ಅದರ ಹೊರತುದಿಯನ್ನು ಮಾತ್ರ ತೆರೆದಿಟ್ಟಿದ್ದರಿಂದ, ಹೊಸ ಗ್ರೀಸ್ ಬಂದಾಗ ಹಳೆಯದು ಕೆಸರನ್ನೂ ಜೊತೆಗೆ ತಳ್ಳಿಕೊಂಡು ಥ್ರಸ್ಟ್ ವಾಷರಿನ ಕಡೆಗೆ ಹೊರಬರುತ್ತದೆ. ನಡುವಿನ ಖಾಲಿ ಜಾಗಕ್ಕೆ ಜೋಡಿಸುವ ಮುನ್ನವೇ ಕೈಯಿಂದ ಸುಮಾರು 100 ಗ್ರಾಂ ಗ್ರೀಸ್ ತುಂಬಿದೆ. ಇಲ್ಲದಿದ್ದರೆ ಎರಡು ನಿಪ್ಪಲ್ ಇದ್ದೂ ಗ್ರೀಸು ಒಳಗೇ ಇಳಿದುಹೋಗುತ್ತದೆ.

ಗ್ರೀಸಿನ ಬಗ್ಗೆ ಒಂದು ಮಾತು. ಮೊದಲು ಹಾಕಿದ್ದ ಜೇಡಿಮಣ್ಣಿನ ಆಧಾರದ ಗ್ರೀಸಿನ ಮೇಲೆ ಲಿಥಿಯಂ ಗ್ರೀಸನ್ನು ಒತ್ತಿದಾಗ ಎರಡೂ ಹೊಂದದೆ ತೆಳುವಾಗಿ ಎಣ್ಣೆಯಂತೆ ಸೋರಿದವು. ಈಗ ಡೀಸೆಲ್ಲಿನಲ್ಲಿ ಚೆನ್ನಾಗಿ ತೊಳೆದು, ಸಾಮಾನ್ಯ ಲಿಥಿಯಂ ಎಂಪಿ-3 ಗ್ರೀಸಿನಲ್ಲಿ ಸ್ವಲ್ಪ ಮಾಲಿಬ್ಡಿನಮ್ ಇರುವುದನ್ನೇ ಬಳಸುತ್ತೇನೆ. ಮಳೆಗಾಲದಲ್ಲಿ ಸಾವಿರ ಕಿಲೋಮೀಟರಿಗೊಮ್ಮೆ, ಉಳಿದಂತೆ ಎರಡು ಸಾವಿರಕ್ಕೊಮ್ಮೆ, ಪ್ರತಿ ಬದಿಗೆ ಗನ್ನಿನ ನಾಲ್ಕೈದು ಹೊಡೆತ ಸಾಕು.

ಕಳೆದ ತಿಂಗಳು ತೆಗೆದಾಗ ಕೊಳವೆಯ ಮೇಲೆ ವರ್ನಿಯರಿಗೆ ಸಿಗುವಷ್ಟು ಸವೆತ ಇರಲಿಲ್ಲ, ಎರಡೂ ಬುಷ್‌ಗಳಲ್ಲಿ ಗ್ರೀಸು ಸಮನಾಗಿತ್ತು. ರೀಮರ್, ಸರಳು, ಹಾಳಾದ ಆರ್ಮುಗಳು ಎಲ್ಲ ಸೇರಿ ಹನ್ನೊಂದು ಸಾವಿರದಷ್ಟು ಖರ್ಚಾಗಿದೆ. ನಮ್ಮ ಮೇಸ್ತ್ರಿ ಕಳೆದ ವಾರ ಇನ್ನೊಂದು ಹಳೆಯ ಬುಲೆಟ್ಟಿನ ಆರ್ಮನ್ನು ಗೋಣಿಚೀಲದಲ್ಲಿ ಸುತ್ತಿ ನನ್ನ ಮನೆಗೆ ಕಳಿಸಿದ್ದಾರೆ. ಉಳಿದಿರುವ ತೊಂದರೆ ಒಂದೇ: ಬಲಗಡೆಯ ನಿಪ್ಪಲ್ ಸೈಲೆನ್ಸರಿಗೆ ತೀರ ಹತ್ತಿರವಿರುವುದರಿಂದ ಗ್ರೀಸ್ ಗನ್ ನೇರವಾಗಿ ಹಿಡಿಯುವುದಿಲ್ಲ. ಮೇಸ್ತ್ರಿ ಕಳಿಸಿದ ಈ ಆರ್ಮಿಗೆ 45 ಡಿಗ್ರಿ ಬಾಗಿದ ನಿಪ್ಪಲ್ ಹಾಕಿ ನೋಡುತ್ತಿದ್ದೇನೆ.